ಅಂಬಾಸಿಡರ್ ಮತ್ತು ಫಿಯಟ್ : ಹದಿನೈದರಿಂದ ಐವತ್ತಕ್ಕೆ

ಅಂಬಾಸಿಡರ್ ಮೇಲೋ ಫಿಯಟ್ ಮೇಲೋ ಎಂಬ ವಾದ ನಮ್ಮ ದೇಶದಲ್ಲಿ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಮದುವೆ ಮನೆಯ ಜಗಲಿಯಲ್ಲಿ, ಆಫೀಸಿನ ಊಟದ ಬಿಡುವಿನಲ್ಲಿ, ರೈಲಿನ ಎರಡನೆಯ ದರ್ಜೆಯ ಡಬ್ಬಿಯಲ್ಲಿ ಈ ವಾದ ಹೂಡಿದವರಲ್ಲಿ ಹೆಚ್ಚಿನವರ ಬಳಿ ಎರಡೂ ಇರಲಿಲ್ಲ ಎಂಬುದು ಬೇರೆ ಮಾತು. ಈಗ ಎರಡರ ತಯಾರಿಕೆಯೂ ನಿಂತಿದೆ. ಫಿಯಟ್ಟಿನ ಕೊನೆಯ ಅವತಾರವಾದ ಪ್ರೀಮಿಯರ್ ಪದ್ಮಿನಿ 2000ದ ಸುಮಾರಿಗೆ ನಿಂತಿತು. ಅಂಬಾಸಿಡರ್ ತಯಾರಾಗುತ್ತಿದ್ದ ಉತ್ತರಪಾಡಾದ ಕಾರ್ಖಾನೆ 2014ರ ಮೇ 24ರಂದು ಕೆಲಸ ನಿಲ್ಲಿಸಿತು. ಮುಂಬಯಿಯ ಕೊನೆಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿ 2003ರ ಅಕ್ಟೋಬರ್ 29ರಂದು ತಾಡದೇವದ ಆರ್.ಟಿ.ಓ. ಕಛೇರಿಯಲ್ಲಿ ನೋಂದಣಿಯಾದದ್ದು. ಅಲ್ಲಿ ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಮಿತಿ. ಹಾಗಾಗಿ 2023ರ ಅಕ್ಟೋಬರ್ ಕೊನೆಗೆ ಅದೂ ರಸ್ತೆಯಿಂದ ಇಳಿಯಿತು.

ಸತ್ತ ಎಮ್ಮೆಗೆ ಹಾಲು ಹೆಚ್ಚು ಎಂಬ ಗಾದೆಯಿದೆ. ಈ ಎರಡು ಗಾಡಿಗಳ ಬಗ್ಗೆ ಈಗ ಕೇಳಿಬರುವ ಹೊಗಳಿಕೆಯಲ್ಲಿ ಬಹುಪಾಲು ಆ ಜಾತಿಯದೇ. ಆದುದರಿಂದ ಹೊಗಳಿಕೆಯನ್ನು ಬದಿಗಿಟ್ಟು, ಓಟದಲ್ಲಿ ಯಾವುದು ಹೇಗೆ, ಆರೈಕೆಯಲ್ಲಿ ಯಾವುದು ಹೇಗೆ ಎಂದು ನಾವು ಇಲ್ಲಿ ತಕ್ಕಮಟ್ಟಿಗೆ ಲೆಕ್ಕ ಹಾಕಿ ನೋಡಲಿದ್ದೇವೆ.

ಈ ಹಳೆಯ ವಾದವನ್ನು ಮತ್ತೆ ಕೆದಕಲು ಕಾರಣ ಎರಡು ಸರ್ಕಾರಿ ಅಧಿಸೂಚನೆಗಳು. ಒಂದರ ಪ್ರಕಾರ, ಸರ್ಕಾರದ ಒಡೆತನದ ಗಾಡಿಗೆ ಹದಿನೈದು ವರ್ಷ ತುಂಬಿದ ಮೇಲೆ ಅದರ ನೋಂದಣಿಯನ್ನು ನವೀಕರಿಸುವಂತಿಲ್ಲ. ಇದು 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಇನ್ನೊಂದು 2021ರ ಜುಲೈಯದು. ಅದರಂತೆ, ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ, ಮೂಲರೂಪದಲ್ಲೇ ಉಳಿದುಬಂದ ಕಾರಿಗೆ ‘ವಿಂಟೇಜ್’ ಎಂಬ ಮನ್ನಣೆ, ನಂಬರಿನಲ್ಲಿ ‘ವಿ.ಎ.’ ಎಂಬ ಅಕ್ಷರಗಳು. ಹವ್ಯಾಸಿಗಳ ಲೆಕ್ಕದಲ್ಲಿ ವಿಂಟೇಜ್ ಎಂದರೆ 1930ಕ್ಕೆ ಹಿಂದಿನ ಗಾಡಿ. ಆದರೆ ನಮ್ಮ ಕಾಯಿದೆಗೆ ಐವತ್ತು ವರ್ಷ ಸಾಕು. ಹೀಗಾಗಿ 1960ರ ದಶಕದ ಅಂಬಾಸಿಡರೂ ಫಿಯಟ್ಟೂ, ಮೊದಮೊದಲ ಪದ್ಮಿನಿಗಳೂ ಮಹಾರಾಜರ ರೋಲ್ಸ್ ರಾಯ್ಸ್‌ನ ಪಂಕ್ತಿಯಲ್ಲಿ ಕೂರಲು ಅರ್ಹವಾಗಿವೆ. ಒಂದೇ ಕಾರ್ಖಾನೆಯ, ಒಂದೇ ಅಚ್ಚಿನ ಗಾಡಿ ಒಂದು ಕಡೆ ಹದಿನೈದಕ್ಕೆ ಗುಜರಿ, ಇನ್ನೊಂದು ಕಡೆ ಐವತ್ತಕ್ಕೆ ಮಾನ್ಯ. ನಡುವಿನ ಮೂವತ್ತೈದು ವರ್ಷದಲ್ಲಿ ಆಗುವುದೇನು? ನಮ್ಮ ಪ್ರಶ್ನೆ ಇಷ್ಟೇ.

ನಾಸಿಕಿನ ನಂಟು, ಮೈಸೂರಿನ ನಂಟು

ಇದನ್ನು ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರಗಳ ಕಡೆಯಿಂದ ನೋಡಲು ಕಾರಣವಿದೆ. ಭಾರತದಲ್ಲೇ ಮೋಟಾರು ಕಾರು ತಯಾರಾಗಬೇಕೆಂದು ಮೊದಲು ಪಟ್ಟುಹಿಡಿದ ಇಬ್ಬರಿಗೂ ನಾಸಿಕ್ ಜಿಲ್ಲೆಯ ಋಣವಿತ್ತು. ಇಬ್ಬರಿಗೂ ಕನ್ನಡ ನಾಡಿನ ನಂಟಿತ್ತು. ಒಬ್ಬರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು. 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರಾಗಿ ಸೇರಿದ ಅವರ ಚಾಕರಿಯ ಮೊದಲ ದಿನಗಳು ಕಳೆದದ್ದು ನಾಸಿಕ್ ಮತ್ತು ಖಾನದೇಶದಲ್ಲಿ. ಅದಾಗಿ ಐವತ್ತು ವರ್ಷಗಳ ಮೇಲೆ, ದಿವಾನಗಿರಿ ಬಿಟ್ಟು ಎಷ್ಟೋ ಕಾಲವಾದ ನಂತರ, 1935ರಲ್ಲಿ ಅವರು ಯುರೋಪು-ಅಮೆರಿಕೆಗಳಿಗೆ ಹೋಗಿ ಮೋಟಾರು ಕಾರ್ಖಾನೆಗಳನ್ನು ನೋಡಿಬಂದು ಮುಂಬಯಿಯಲ್ಲಿ ಕಾರ್ಖಾನೆ ತೆರೆಯುವ ಯೋಜನೆ ಸಿದ್ಧಪಡಿಸಿದರು. ಆಗ ಅವರಿಗೆ ಎಪ್ಪತ್ತು ದಾಟಿತ್ತು.

ಇನ್ನೊಬ್ಬರು ವಾಲಚಂದ್ ಹಿರಾಚಂದ್. ಕನ್ನಡ ಮಾತು ಇಂದಿಗೂ ಕೇಳಿಬರುವ ಸೊಲ್ಲಾಪುರದಲ್ಲಿ 1882ರಲ್ಲಿ ಹುಟ್ಟಿದವರು. ನಾಸಿಕ್ ಜಿಲ್ಲೆಯ ಮಾಲೆಗಾಂವ್ ತಾಲೂಕಿನ ರಾವಳಗಾಂವ್‌ನಲ್ಲಿ ಬರಡು ನೆಲ ಹಸನು ಮಾಡಿಸಿ, ಕಬ್ಬು ಬೆಳೆಸಿ, 1930ರ ದಶಕದಲ್ಲಿ ಸಕ್ಕರೆ ಕಾರ್ಖಾನೆ ಕಟ್ಟಿದವರು. ಆ ಊರಿನ ಹೆಸರಿನ ಪೆಪ್ಪರಮೆಂಟು ಚೀಪಿ ಬೆಳೆದವರು ನಮ್ಮಲ್ಲಿ ಅನೇಕರಿದ್ದಾರೆ. ವಿಶ್ವೇಶ್ವರಯ್ಯನವರ ಕಾರಿನ ಯೋಜನೆಯನ್ನು ವಾಲಚಂದರು ಕೈಗೆತ್ತಿಕೊಂಡರು. ಮೈಸೂರು ಸಂಸ್ಥಾನ ನೆರವಿಗೆ ಮುಂದಾಯಿತಾದರೂ ಯುದ್ಧಕಾಲದ ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಅದೇ ವಾಲಚಂದರು ಮೈಸೂರು ಸರ್ಕಾರದೊಂದಿಗೆ ಸೇರಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿ ತೆರೆದರು. ವಿಮಾನಕ್ಕೆ ಒಪ್ಪಿಗೆ ಸಿಕ್ಕಿತು, ಕಾರಿಗೆ ಸಿಗಲಿಲ್ಲ! ಕೊನೆಗೆ 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪನೆಯಾಗಿ, ಕುರ್ಲಾದಲ್ಲಿ ಕಾರ್ಖಾನೆ ಎದ್ದಿತು. ಮೊದಲು ಅಮೆರಿಕೆಯ ಕ್ರೈಸ್ಲರ್ ಕಂಪನಿಯ ಗಾಡಿಗಳು, 1950ರ ದಶಕದಲ್ಲಿ ಇಟಲಿಯ ಫಿಯಟ್ ಅಲ್ಲಿಂದ ಹೊರಬಂದವು.

ಬೆಂಗಳೂರಿನ ಆ ವಿಮಾನ ಕಾರ್ಖಾನೆಯೇ ಮುಂದೆ ಎಚ್.ಎ.ಎಲ್. ಆಯಿತು. 1964ರ ಸುಮಾರಿಗೆ ಮಿಗ್ ವಿಮಾನಕ್ಕಾಗಿ ನಾಸಿಕ್ ಬಳಿಯ ಓಝರ್‌ನಲ್ಲಿ ಅದರ ಘಟಕ ತಲೆಯೆತ್ತಿತು. ಬೆಂಗಳೂರಿನ ಮೈಕೋ ಕಂಪನಿಯೂ ನಾಸಿಕಿನ ಸಾತಪುರದಲ್ಲಿ ಕಾರ್ಖಾನೆ ತೆರೆಯಿತು. ನಾಸಿಕಿಗೆ ಕನ್ನಡ ಸಂಸಾರಗಳು ಬಂದದ್ದು ಹೆಚ್ಚಾಗಿ ಈ ಬಗೆಯ ಚಾಕರಿಗಳಿಂದ. ಔರಂಗಾಬಾದೆಂದು ನಾವು ಕರೆಯುತ್ತಿದ್ದ ಸಂಭಾಜಿನಗರದ ನಂಟು ಇನ್ನೂ ಹಳೆಯದು. 1948ರವರೆಗೆ ನಿಜಾಮರ ಕೈಯಲ್ಲಿ, ಆಮೇಲೆ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿ ಆ ಊರೂ ನಮ್ಮ ಕಲಬುರಗಿ, ಬೀದರ, ರಾಯಚೂರುಗಳೂ ಒಂದೇ ಸೂರಿನ ಕೆಳಗಿದ್ದವು. ಅದಕ್ಕೂ ಹಿಂದೆ ಹೋದರೆ, ಪಕ್ಕದ ವೇರೂಳದ ಕೈಲಾಸ ದೇವಾಲಯವನ್ನು ಕೊರೆಯಿಸಿದವನು ರಾಷ್ಟ್ರಕೂಟರ ಒಂದನೆಯ ಕೃಷ್ಣ.

ಇನ್ನು ಅಂಬಾಸಿಡರ್. ಬಿರ್ಲಾ ಮನೆತನದ ಹಿಂದೂಸ್ಥಾನ್ ಮೋಟಾರ್ಸ್ 1942ರಲ್ಲಿ ಹುಟ್ಟಿತು. ಗುಜರಾತಿನ ಓಖಾ ಬಂದರಿನಿಂದ 1948ರಲ್ಲಿ ಬಂಗಾಳದ ಉತ್ತರಪಾಡಾಕ್ಕೆ ಹೋಯಿತು. ಅವರು ಹಿಡಿದದ್ದು ಇಂಗ್ಲೆಂಡಿನ ಮಾರಿಸ್ ಕಂಪನಿಯ ಕೈ. ಮಾರಿಸ್ ಆಕ್ಸ್‌ಫರ್ಡ್ ಎರಡನೆಯ ಸರಣಿ ಇಲ್ಲಿ ‘ಲ್ಯಾಂಡ್‌ಮಾಸ್ಟರ್’ ಆಯಿತು. ಮೂರನೆಯ ಸರಣಿ 1950ರ ದಶಕದ ಕೊನೆಯಲ್ಲಿ ‘ಅಂಬಾಸಿಡರ್’ ಆಯಿತು. ಅತ್ತ ಕುರ್ಲಾದಲ್ಲಿ ಮೊದಲು ಬಂದ ದುಂಡುಮೂತಿಯ ಫಿಯಟ್ಟಿಗೆ ಮಹಾರಾಷ್ಟ್ರದ ಜನ ‘ಡುಕ್ಕರ್’ ಎಂದು ಹೆಸರಿಟ್ಟರು. ಹಂದಿ ಎಂದು ಅದರ ಅರ್ಥವಾದರೂ ಹೆಸರಿನಲ್ಲಿ ಪ್ರೀತಿಯೇ ಹೆಚ್ಚಿತ್ತು. 1964ರಲ್ಲಿ ಬಂದ ಮಾದರಿಯೇ ನಾವೆಲ್ಲ ಬಲ್ಲ ಫಿಯಟ್; 1974ರಿಂದ ಅದರ ಹೆಸರು ಪದ್ಮಿನಿ. ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಯವರು 1964ರಲ್ಲಿ ಹನ್ನೆರಡು ಸಾವಿರ ರೂಪಾಯಿಗೆ ಕೊಂಡದ್ದು ಈ ಫಿಯಟ್ಟನ್ನೇ, ಅದೂ ಐದು ಸಾವಿರ ರೂಪಾಯಿ ಬ್ಯಾಂಕಿನ ಸಾಲ ಮಾಡಿ. ಆ ಸಾಲ ಅವರ ಮರಣದ ಬಳಿಕ ಪತ್ನಿಗೆ ಬರುತ್ತಿದ್ದ ಪಿಂಚಣಿಯಿಂದ ತೀರಿತು. ಕಾರು ಇಂದಿಗೂ ದೆಹಲಿಯ ಅವರ ಸ್ಮಾರಕದಲ್ಲಿದೆ.

1953ರ ಸುಂಕ ಆಯೋಗದ ವರದಿಯ ಮೇಲೆ, ಇಲ್ಲೇ ತಯಾರಿಸುವ ಯೋಜನೆಯಿಲ್ಲದೆ ಬರೀ ಜೋಡಿಸುತ್ತಿದ್ದ ಜನರಲ್ ಮೋಟಾರ್ಸ್, ಫೋರ್ಡ್ ಮುಂತಾದವರು ಬಾಗಿಲು ಹಾಕಿಕೊಂಡರು. ಮದ್ರಾಸಿನ ಸ್ಟಾಂಡರ್ಡ್ ಬಿಟ್ಟರೆ ಉಳಿದವು ಇವೆರಡೇ. 1983ರ ಡಿಸೆಂಬರ್ 14ರಂದು ಮಾರುತಿ ಬರುವ ತನಕ ಕೊಳ್ಳುವವನಿಗೆ ಆಯ್ಕೆಯೆಂದರೆ ಇಷ್ಟೇ. ಎಂದಮೇಲೆ ಇವುಗಳ ದೀರ್ಘಾಯುಷ್ಯವೆಲ್ಲ ಗುಣದಿಂದಲೇ ಬಂದದ್ದಲ್ಲ. ಬೇರೆ ದಾರಿಯಿಲ್ಲದ್ದರಿಂದಲೂ ಬಂತು. ಹೊಸ ಗಾಡಿಗೆ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲದಲ್ಲಿ ಇದ್ದುದನ್ನು ಜೋಪಾನ ಮಾಡುವುದೇ ಜಾಣತನವಾಗಿತ್ತು.

ಕಾಗದದ ಮೇಲಿನ ಲೆಕ್ಕ

ಕಲಿತ ಬಿ.ಎಸ್ಸಿ. ಎಲ್ಲಾದರೂ ಉಪಯೋಗಕ್ಕೆ ಬರಬೇಕಷ್ಟೆ. ಆದುದರಿಂದ ಈಗ ಸ್ವಲ್ಪ ಗಣಿತ. ಅಂಬಾಸಿಡರಿನ ಪೆಟ್ರೋಲು ಇಂಜಿನಿನಲ್ಲಿ ನಾಲ್ಕು ಸಿಲಿಂಡರು; ಒಂದೊಂದರ ವ್ಯಾಸ 73 ಮಿ.ಮೀ., ಪಿಸ್ಟನ್ನು ಏರಿಳಿಯುವ ದೂರ 88.9 ಮಿ.ಮೀ. ಗುಣಿಸಿ ನೋಡಿದರೆ ಒಟ್ಟು 1489 ಘನ ಸೆಂಟಿಮೀಟರು. ಫಿಯಟ್ಟಿನದು 68ಕ್ಕೆ 75, ಒಟ್ಟು 1089. ಮೊದಲನೆಯದರ ಶಕ್ತಿ ಸುಮಾರು 50 ಅಶ್ವಶಕ್ತಿ, ಎರಡನೆಯದರದು 40. ಇಷ್ಟನ್ನೇ ನೋಡಿದವರು ಅಂಬಾಸಿಡರ್ ಬಲಶಾಲಿ ಎನ್ನುತ್ತಾರೆ. ಆದರೆ ಅಂಬಾಸಿಡರಿನ ತೂಕ ಸುಮಾರು 1,100 ಕಿಲೋ, ಫಿಯಟ್ಟಿನದು 895. ಒಂದು ಟನ್ ತೂಕಕ್ಕೆ ಎಷ್ಟು ಅಶ್ವಶಕ್ತಿ ಎಂದು ಭಾಗಿಸಿದರೆ ಅಂಬಾಸಿಡರಿಗೆ 45.5, ಫಿಯಟ್ಟಿಗೆ 44.7. ಅಂದರೆ ಖಾಲಿ ಗಾಡಿಗಳು ಸರಿಸಮ! ನಲವತ್ತು ವರ್ಷದ ವಾದಕ್ಕೆ ಆಧಾರ ಒಂದು ಅಶ್ವಶಕ್ತಿಯಷ್ಟೂ ಇಲ್ಲ.

ಆದರೆ ಯಾರೂ ಖಾಲಿ ಗಾಡಿಯನ್ನು ಓಡಿಸುವುದಿಲ್ಲ. ಐದು ಮಂದಿಯನ್ನೂ ಅವರ ಸಾಮಾನನ್ನೂ ಸೇರಿಸಿ 375 ಕಿಲೋ ಹೇರೋಣ. ಈಗ ಅಂಬಾಸಿಡರಿನ ಲೆಕ್ಕ ಟನ್ನಿಗೆ ಸುಮಾರು 34ಕ್ಕೆ ಇಳಿಯುತ್ತದೆ, ಫಿಯಟ್ಟಿನದು 31.5ಕ್ಕೆ. ಹೊರೆ ಒಂದೇ ಆದರೂ ಹಗುರವಾದ ಗಾಡಿಗೆ ಅದು ಹೆಚ್ಚು ತಟ್ಟುತ್ತದೆ. ಇದರ ಜೊತೆಗೆ, ದೊಡ್ಡ ಇಂಜಿನು ಕಡಿಮೆ ವೇಗದಲ್ಲೇ ಹೆಚ್ಚು ಎಳೆಯುತ್ತದೆ. ಅಂಬಾಸಿಡರಿನವರು ಮೇಲಿನ ಗೇರಿನಲ್ಲೇ ಸಾವಕಾಶವಾಗಿ ಹೋಗುವಲ್ಲಿ ಫಿಯಟ್ಟಿನವರು ಕೆಳಗಿನ ಗೇರಿಗೆ ಕೈ ಹಾಕಬೇಕು. ಇಬ್ಬರು ಕೂತು ಪೇಟೆಯಲ್ಲಿ ತಿರುಗಿದವನು ಫಿಯಟ್ ಚುರುಕು ಎಂದ. ಸಂಸಾರ ಸಮೇತ ಊರಿಗೆ ಹೋದವನು ಅಂಬಾಸಿಡರ್ ಗಟ್ಟಿ ಎಂದ. ಇಬ್ಬರೂ ಸುಳ್ಳು ಹೇಳಲಿಲ್ಲ. ಇಬ್ಬರೂ ತೂಗಿದ ಹೊರೆ ಬೇರೆ, ಅಷ್ಟೆ.

ಪೆಟ್ರೋಲಿನ ವಿಷಯದಲ್ಲಿ ಮಾತ್ರ ಫಿಯಟ್ಟಿನದೇ ಮೇಲುಗೈ. ಲೀಟರಿಗೆ ಅಂಬಾಸಿಡರಿನವರು ಸಾಮಾನ್ಯವಾಗಿ ಹೇಳುವುದು ಒಂಬತ್ತು ಹತ್ತು ಕಿಲೋಮೀಟರು. ಫಿಯಟ್ಟಿನವರು ಹನ್ನೆರಡಕ್ಕಿಂತ ಕಡಿಮೆ ಹೇಳಿದ್ದನ್ನು ನಾವು ಕೇಳಿಲ್ಲ. ತಿಂಗಳ ಕೊನೆಗೆ ಸಂಬಳದ ಬಾಕಿ ಎಣಿಸುವ ಮಧ್ಯಮ ವರ್ಗದವನು ಯಾವುದನ್ನು ಆರಿಸುತ್ತಿದ್ದನೆಂದು ಬೇರೆ ಹೇಳಬೇಕಿಲ್ಲ.

ರಸ್ತೆಯ ಮೇಲೆ

ಮುಂಬಯಿಯಿಂದ ನಾಸಿಕಿಗೆ ಹಳೆಯ ಆಗ್ರಾ ರಸ್ತೆಯಲ್ಲಿ ಬರುವವರು ಕಸಾರಾ ಘಾಟ್ ಏರಬೇಕು. ಕಸಾರಾದಿಂದ ಇಗತ್‌ಪುರಿಗೆ ಬರುವಷ್ಟರಲ್ಲಿ ಸುಮಾರು 300 ಮೀಟರು ಮೇಲೇರಿರುತ್ತೇವೆ. ಏರಿನಲ್ಲಿ ಇಂಜಿನು ಹೆಚ್ಚು ದುಡಿದು ಹೆಚ್ಚು ಬಿಸಿಯಾಗುತ್ತದೆ; ಗಾಡಿ ನಿಧಾನವಾದ್ದರಿಂದ ರೇಡಿಯೇಟರಿಗೆ ಗಾಳಿ ಕಡಿಮೆ ಬೀಸುತ್ತದೆ. ಇವೆರಡರಲ್ಲೂ ಫ್ಯಾನು ಇಂಜಿನಿನ ಬೆಲ್ಟಿನಿಂದಲೇ ತಿರುಗುವುದರಿಂದ ಇಂಜಿನು ಮೆಲ್ಲಗಾದರೆ ಫ್ಯಾನೂ ಮೆಲ್ಲಗೆ. ಬೇಕಾದಾಗಲೇ ತಂಪು ಸಿಗದು. ಹಾಗಾಗಿ ಘಾಟಿನ ಅಂಚಿನಲ್ಲಿ ಬಾನೆಟ್ ತೆರೆದು, ನೀರಿನ ಡಬ್ಬ ಹಿಡಿದು ನಿಂತ ಗಾಡಿಗಳ ಸಾಲು ಆ ಕಾಲದ ಸಾಮಾನ್ಯ ನೋಟ.

ನಾಸಿಕಿನಿಂದ ಮುಂದೆ ನಿಫಾಡ್, ಯೇವಲೆ, ವೈಜಾಪುರದ ಮೇಲೆ ಹಾದು ಸಂಭಾಜಿನಗರಕ್ಕೆ ಹೋಗುವ ದಾರಿ ಬಹುಪಾಲು ಸಮತಟ್ಟು. ಅಲ್ಲಿ ಪರೀಕ್ಷೆ ಬಿಸಿಯದಲ್ಲ, ಧೂಳು ಮತ್ತು ಹೊಂಡಗಳದು. ಅಂಬಾಸಿಡರಿನ ಚಕ್ರ 15 ಇಂಚಿನದು, ಫಿಯಟ್ಟಿನದು 14. ಅಂಬಾಸಿಡರಿನ ಮುಂಗಡೆ ತಿರುಚುವ ಕಂಬಿಯ ಸ್ಪ್ರಿಂಗು, ಹಿಂದೆ ಎಲೆಪಟ್ಟಿ. ಫಿಯಟ್ಟಿನ ಮುಂದೆ ಸುರುಳಿ ಸ್ಪ್ರಿಂಗು, ಹಿಂದೆ ಎಲೆಪಟ್ಟಿ. ಉದ್ದ ಅಗಲಗಳಲ್ಲಿ ಅಂಬಾಸಿಡರ್ ದೊಡ್ಡದು: 4.3 ಮೀಟರಿಗೆ 1.66, ಫಿಯಟ್ 3.9ಕ್ಕೆ 1.47. ಹಿಂದಿನ ಸೀಟಿನಲ್ಲಿ ಮೂವರು ದೊಡ್ಡವರು ಕಾಲು ಚಾಚಿ ವೇರೂಳದ ತನಕ ಬರಬಹುದಾದದ್ದು ಅಂಬಾಸಿಡರಿನಲ್ಲಿ. ಫಿಯಟ್ಟಿನಲ್ಲಿ ಮೂರನೆಯವರು ಮಕ್ಕಳಾದರೆ ಒಳ್ಳೆಯದು. ಆದರೆ ನಾಸಿಕಿನ ಪಂಚವಟಿಯ ಕಿರುಬೀದಿಗಳಲ್ಲಿ ತಿರುಗಿಸಿಕೊಂಡು ಬರುವ ಕೆಲಸಕ್ಕೆ ಫಿಯಟ್ಟೇ ಸೈ. ಬ್ರೇಕು ಮಾತ್ರ ಎರಡರಲ್ಲೂ ನಾಲ್ಕು ಚಕ್ರಕ್ಕೂ ಡ್ರಮ್ಮಿನದು. ಇಳಿಜಾರಿನಲ್ಲಿ ಒತ್ತಿಯೇ ಹಿಡಿದರೆ ಕಾದು ಹಿಡಿತ ತಪ್ಪುತ್ತದೆ. ಗೇರಿನಲ್ಲೇ ಇಳಿಸಬೇಕೆಂಬ ಪಾಠವನ್ನು ಹಳೆಯ ಚಾಲಕರು ಎರಡಕ್ಕೂ ಒಂದೇ ತೆರನಾಗಿ ಹೇಳಿಕೊಡುತ್ತಾರೆ.

ಈಗ ಅದೇ ಸೀಮೆಯಲ್ಲಿ ಸಮೃದ್ಧಿ ಮಹಾಮಾರ್ಗ ಹಾದುಹೋಗಿದೆ; 2025ರ ಜೂನ್‌ನಲ್ಲಿ ಅದರ ಕೊನೆಯ ಭಾಗ ತೆರೆಯಿತು. ಅಲ್ಲಿ ಕಾರುಗಳ ವೇಗದ ಮಿತಿ ಗಂಟೆಗೆ 120 ಕಿಲೋಮೀಟರು. ನಮ್ಮ ಎರಡೂ ಮುದುಕರಿಗೆ ಅದು ಹೇಳಿಸಿದ ದಾರಿಯಲ್ಲ. ಯೇವಲೆಯ ಹಳೆಯ ರಸ್ತೆಯೇ ಅವುಗಳಿಗೆ ಒಗ್ಗುತ್ತದೆ.

ಆರೈಕೆಯ ಭೇದ

ಇಲ್ಲಿಯ ತನಕ ಎರಡೂ ಹೆಚ್ಚು ಕಡಿಮೆ ಸಮ. ನಿಜವಾದ ಭೇದ ಇರುವುದು ಆರೈಕೆಯಲ್ಲಿ, ಅದರಲ್ಲೂ ಒಂದು ವಸ್ತುವಿನಲ್ಲಿ: ಇಂಜಿನಿನ ತಲೆ, ಗ್ಯಾರೇಜಿನವರು ‘ಹೆಡ್’ ಎನ್ನುವ ಭಾಗ. ಅಂಬಾಸಿಡರಿನಲ್ಲಿ ಬುಡವೂ ತಲೆಯೂ ಎರಕದ ಕಬ್ಬಿಣ. ಫಿಯಟ್ಟಿನಲ್ಲಿ ಬುಡ ಕಬ್ಬಿಣ, ತಲೆ ಅಲ್ಯೂಮಿನಿಯಂ. ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ನಲವತ್ತು ಸೆಂಟಿಮೀಟರು ಉದ್ದದ ಒಂದು ಪಟ್ಟಿಯನ್ನು 80 ಡಿಗ್ರಿ ಬಿಸಿ ಮಾಡಿದರೆ ಕಬ್ಬಿಣ 0.35 ಮಿ.ಮೀ. ಹಿಗ್ಗಿದರೆ ಅಲ್ಯೂಮಿನಿಯಂ 0.7 ಮಿ.ಮೀ. ಮೀರುತ್ತದೆ. ಬೋಲ್ಟು ಹಾಕಿ ಬಿಗಿದ ಎರಡು ಲೋಹಗಳು ಹೀಗೆ ಬೇರೆಬೇರೆಯಾಗಿ ಹಿಗ್ಗಿ ಕುಗ್ಗುವಾಗ ನಡುವಿನ ಗ್ಯಾಸ್ಕೆಟ್ಟು ಸವೆಯುವುದು ಸಹಜ. ನೀರು ಬತ್ತಿದ್ದನ್ನು ಗಮನಿಸದೆ ಒಮ್ಮೆ ಕುದಿಸಿದರೆ ತಲೆ ಬಾಗುತ್ತದೆ. ಬಿಚ್ಚಿ, ಲೇತಿನವನ ಬಳಿ ಒಯ್ದು, ಮಟ್ಟ ಮಾಡಿಸಿ ತರಬೇಕು. ಅಂಬಾಸಿಡರಿನ ಕಬ್ಬಿಣದ ತಲೆಯೂ ಕೆಡುತ್ತದೆ, ಆದರೆ ಬೇಗನೆ ಕೆಡುವುದಿಲ್ಲ. ಒಮ್ಮೆ ಕುದಿದರೂ ತಣಿದ ಮೇಲೆ ನೀರು ಹಾಕಿಸಿಕೊಂಡು ಮುಂದೆ ಹೋಗುವುದುಂಟು.

ಒಂದೇ ಮಾತಿನಲ್ಲಿ ಹೇಳುವುದಾದರೆ, ಫಿಯಟ್ ಕೇಳುವುದು ಕೊಂಚ, ಆದರೆ ಕೇಳಿದ್ದನ್ನು ಹೊತ್ತಿಗೆ ಸರಿಯಾಗಿ ಕೊಡಬೇಕು. ಅಂಬಾಸಿಡರ್ ಕೇಳುವುದು ಹೆಚ್ಚು, ಆದರೆ ತಡವಾದರೆ ಸೈರಿಸುತ್ತದೆ.

ಉಳಿದ ಆರೈಕೆ ಎರಡಕ್ಕೂ ಸಮಾನ. ಸವೆಯುವ ಕೀಲುಗಳಿಗೆ ಆಗಾಗ ಗ್ರೀಸು ಹೊಡೆಯಬೇಕು. ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳನ್ನು ಮರಳು ಕಾಗದದಿಂದ ಉಜ್ಜಿ ತೆಳುತಗಡಿನ ಗೇಜಿಟ್ಟು ಅಂತರ ಸರಿಪಡಿಸಬೇಕು. ಟ್ಯಾಪೆಟ್ಟಿನ ಟಿಕ್ ಟಿಕ್ ಕಿವಿಗೊಟ್ಟು ಕೇಳಬೇಕು. ಪ್ಲಗ್ಗಿನ ಮಸಿಯ ಬಣ್ಣ ನೋಡಿ ಕಾರ್ಬ್ಯುರೇಟರು ಹೆಚ್ಚು ಪೆಟ್ರೋಲು ಕುಡಿಸುತ್ತಿದೆಯೇ ಕಡಿಮೆಯೇ ಎಂದು ತಿಳಿಯಬೇಕು. ಇದಕ್ಕೆಲ್ಲ ಕಂಪ್ಯೂಟರು ಬೇಡ. ಕಣ್ಣು, ಕಿವಿ, ಬೆರಳು ಸಾಕು. ಆದರೆ ಆ ಕಣ್ಣು ಕಿವಿ ಬೆರಳುಗಳು ಪಳಗಿರಬೇಕು. ಎರಡಕ್ಕೂ ಪ್ರತ್ಯೇಕ ಚಾಸಿಯಿಲ್ಲ. ಮೈತಗಡೇ ಗಾಡಿಯ ಬೆನ್ನೆಲುಬು. ಆದುದರಿಂದ ನೆಲದ ತಗಡಿಗೆ ಹಿಡಿದ ತುಕ್ಕು ಬರೀ ಅಂದದ ಪ್ರಶ್ನೆಯಲ್ಲ. ಈ ವಿಷಯದಲ್ಲಿ ದಖನಿನ ಒಣ ಹವೆ ದೊಡ್ಡ ಉಪಕಾರಿ. ಇಗತ್‌ಪುರಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರಿ ಸುರಿಯುವ ಮಳೆ ನಾಸಿಕ್ ಪೇಟೆಗೆ ಬರುವಷ್ಟರಲ್ಲಿ ತೀರ ಇಳಿಯುತ್ತದೆ. ಸಂಭಾಜಿನಗರವಂತೂ ಮಳೆನೆರಳಿನ ಸೀಮೆ. ಮುಂಬಯಿಯ ಉಪ್ಪುಗಾಳಿಯಲ್ಲಿ ತಿಂದುಹೋಗುವ ತಗಡು ಅಲ್ಲಿ ಬಾಳಿಕೆ ಬರುತ್ತದೆ.

ಬಿಡಿಭಾಗಗಳಲ್ಲಿ ಅಂಬಾಸಿಡರ್ ಅದೃಷ್ಟವಂತ. 2014ರವರೆಗೆ ತಯಾರಾದ ಗಾಡಿಯಾದ್ದರಿಂದ ಅನೇಕ ಭಾಗಗಳು ಇನ್ನೂ ಸಿಗುತ್ತವೆ. ಫಿಯಟ್ಟಿನವರು ಹುಡುಕಾಡಬೇಕು. ಅವರು ಕೊನೆಗೆ ಹೋಗಿ ನಿಲ್ಲುವುದು ಕುರ್ಲಾದ ಸಿ.ಎಸ್.ಟಿ. ರಸ್ತೆಯ ಹಳೆ ಸಾಮಾನಿನ ಅಂಗಡಿಗಳಲ್ಲಿ. ಹುಟ್ಟಿದ ಊರಿಗೇ ಗಾಡಿ ತನ್ನ ಎಲುಬು ಕೇಳಲು ಹೋದಂತೆ!

ಕಛೇರಿಯ ಗಾಡಿ, ಮನೆಯ ಗಾಡಿ

ನಾವು ಕೇಂದ್ರ ಸರ್ಕಾರದ ಗುಮಾಸ್ತರು. ಸ್ಟಾಫ್ ಕಾರಿನ ಲಾಗ್ ಬುಕ್ ಎಂಬ ಉದ್ದನೆಯ ಪುಸ್ತಕ ನಮಗೆ ಚಿರಪರಿಚಿತ. ತಾರೀಖು, ಹೊರಟ ಹೊತ್ತು, ಮೀಟರಿನ ಅಂಕಿ, ಹೋದ ಕೆಲಸ, ಹಾಕಿಸಿದ ಪೆಟ್ರೋಲು, ಕೊನೆಗೆ ಸಾಹೇಬರ ಸಹಿ. ಇಂಥ ಪುಸ್ತಕದಲ್ಲಿ ಗಾಡಿ ಎಷ್ಟು ಓಡಿತೆಂಬುದಕ್ಕೆ ಪೈಸೆ ಪೈಸೆಯ ಲೆಕ್ಕವಿರುತ್ತದೆ. ಅದಕ್ಕೆ ಏನಾಯಿತೆಂಬುದಕ್ಕೆ ಅಷ್ಟಿರುವುದಿಲ್ಲ. ರಿಪೇರಿಗೆ ಮೂರು ಕೊಟೇಶನ್ನು, ಮಂಜೂರಾತಿ, ಬಿಲ್ಲು. ಅಷ್ಟರಲ್ಲಿ ಟ್ಯಾಪೆಟ್ಟಿನ ಸದ್ದು ಮತ್ತೊಂದು ಸದ್ದಾಗಿ ಬೆಳೆದಿರುತ್ತದೆ. ಹಳೆಯ ನಿಯಮದಲ್ಲಿ ಸಣ್ಣ ಸರ್ಕಾರಿ ಕಾರಿನ ಆಯುಷ್ಯ ಒಂದೂವರೆ ಲಕ್ಷ ಕಿಲೋಮೀಟರು ಮತ್ತು ಆರೂವರೆ ವರ್ಷ, ಇವೆರಡರಲ್ಲಿ ಯಾವುದು ತಡವೋ ಅದು. ಆಮೇಲೆ ಅದನ್ನು ನಿರುಪಯೋಗಿಯೆಂದು ಸಾರಿ ಹರಾಜಿಗೆ ಇಡಬಹುದು.

ಸರ್ಕಾರವು ದಶಕಗಟ್ಟಲೆ ಅಂಬಾಸಿಡರನ್ನೇ ಕೊಂಡದ್ದಕ್ಕೆ ಘನತೆ, ಜಾಗ, ಸ್ವದೇಶಿ ಎಂದು ಹಲವು ಕಾರಣ ಹೇಳುವುದುಂಟು. ಅವೆಲ್ಲ ನಿಜವೇ. ಆದರೆ ಅದು ಅಲಕ್ಷ್ಯವನ್ನು ಸೈರಿಸುತ್ತಿತ್ತೆಂಬುದೂ ಒಂದು ಕಾರಣವಿರಬೇಕೆಂದು ನಮಗೆ ತೋರುತ್ತದೆ. ಇಂದು ಒಬ್ಬ ಚಾಲಕ, ನಾಳೆ ಇನ್ನೊಬ್ಬ. ಇಂದು ಒಬ್ಬ ಸಾಹೇಬ, ನಾಳೆ ವರ್ಗವಾಗಿ ಬಂದ ಮತ್ತೊಬ್ಬ. ಅಂಥ ಕಡೆ ಹೊತ್ತಿಗೆ ಸರಿಯಾಗಿ ಕೇಳುವ ಫಿಯಟ್ ಬಾಳುವುದು ಕಷ್ಟ. ‘ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ’ ಎಂದು ನಮ್ಮ ಹಿರಿಯರು ಹೊಲದ ಬಗ್ಗೆ ಹೇಳಿದ್ದು ಮೋಟಾರಿಗೂ ಸಲ್ಲುತ್ತದೆ. ಆದುದರಿಂದ ಹದಿನೈದು ವರ್ಷದ ನಿಯಮವನ್ನು ನಾವು ಹಳಿಯುವುದಿಲ್ಲ. ಯಾರದೂ ಅಲ್ಲದ ಗಾಡಿಗೆ ಹದಿನೈದು ವರ್ಷವೇ ಹೆಚ್ಚು. ಉತ್ತರಪಾಡಾದಿಂದ ಕೊನೆಗೆ ಹೊರಟ ಅಂಬಾಸಿಡರೇ ಸರ್ಕಾರದಲ್ಲಿ ಉಳಿದಿದ್ದರೂ 2029ಕ್ಕೆ ಅದರ ಕಥೆ ಮುಗಿಯಿತು.

ಖಾಸಗಿ ಒಡೆಯನಿಗೆ ದಾರಿ ತೆರೆದಿದೆ, ಆದರೆ ಪುಕ್ಕಟೆಯಲ್ಲ. ಹದಿನೈದಾದ ಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆಗೆ ಒಪ್ಪಿಸಿ ನೋಂದಣಿ ನವೀಕರಿಸಬೇಕು. ಅದರ ಶುಲ್ಕ 2022ರ ಏಪ್ರಿಲ್‌ನಲ್ಲಿ ರೂ. 600ರಿಂದ 5,000ಕ್ಕೆ ಏರಿತು. 2025ರ ಆಗಸ್ಟ್‌ನಿಂದ ಇಪ್ಪತ್ತು ವರ್ಷ ದಾಟಿದ ಕಾರಿಗೆ ಅದು ರೂ. 10,000. ಹದಿನೈದರಿಂದ ಐವತ್ತಕ್ಕೆ ಏಳು ಬಾರಿ ಈ ಹೊಸ್ತಿಲು ದಾಟಬೇಕು. ಪ್ರತಿ ಬಾರಿಯೂ ಮನೆಯವರು ಕೇಳುವ ಪ್ರಶ್ನೆ ಒಂದೇ: ‘ಇದನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದೀರಿ?’

ಐವತ್ತರ ಹೊಸ್ತಿಲು

ಈ ಪ್ರಶ್ನೆಗೆ ಉತ್ತರ ಕೊಡುತ್ತ ಬಂದ ಎರಡು ಕನ್ನಡ ಮನೆಗಳನ್ನು ನಾವು ಬಲ್ಲೆವು. ನಾಸಿಕಿನ ಮನೆಯಲ್ಲಿರುವುದು 1968ರ ಫಿಯಟ್. ಸಂಭಾಜಿನಗರದ ಮನೆಯಲ್ಲಿರುವುದು 1971ರ ಅಂಬಾಸಿಡರ್ ಮಾರ್ಕ್ ಎರಡು. ಎರಡೂ ತಂದೆಯಿಂದ ಮಗನಿಗೆ ಬಂದವು. ಎರಡೂ ಇಂದಿಗೂ ಓಡುತ್ತವೆ. ಆದರೆ ಫಿಯಟ್ ವಿಂಟೇಜ್ ನೋಂದಣಿಗೆ ಅರ್ಜಿ ಹಾಕಬಲ್ಲದು. ಅಂಬಾಸಿಡರಿಗೆ ಅದು ಕಷ್ಟ.

ಕಾರಣ ಹೀಗಿದೆ. ಪೆಟ್ರೋಲಿನ ಖರ್ಚು ತಾಳಲಾರದೆ 1990ರ ದಶಕದಲ್ಲಿ ಹಲವರು ಮಾಡಿದಂತೆ ಆ ಮನೆಯ ಹಿರಿಯರೂ ಅಂಬಾಸಿಡರಿಗೆ ಡೀಸೆಲ್ ಇಂಜಿನು ಕೂಡಿಸಿದರು. ಆಗ ಅದು ಜಾಣತನದ ಕೆಲಸವೇ. ಇಲ್ಲದಿದ್ದರೆ ಗಾಡಿ ಆಗಲೇ ಗುಜರಿಗೆ ಹೋಗುತ್ತಿತ್ತು. ಆದರೆ 2021ರ ನಿಯಮ ಕೇಳುವುದು ಮೂಲರೂಪವನ್ನು: ಚಾಸಿಯಲ್ಲಾಗಲಿ ಮೈಯಲ್ಲಾಗಲಿ ಇಂಜಿನಿನಲ್ಲಾಗಲಿ ದೊಡ್ಡ ಬದಲಾವಣೆ ಆಗಿರಕೂಡದು. ಗಾಡಿಯನ್ನು ಉಳಿಸಿದ ಉಪಾಯವೇ ಅದರ ಮನ್ನಣೆಗೆ ಅಡ್ಡಿಯಾಯಿತು. ಹಳೆಯ ಪೆಟ್ರೋಲು ಇಂಜಿನು ಅವರ ಹಿತ್ತಿಲ ಕೊಟ್ಟಿಗೆಯಲ್ಲಿ ಗೋಣಿಚೀಲ ಹೊದ್ದು ಕೂತಿದೆ. ಅದನ್ನು ಮತ್ತೆ ಕೂಡಿಸಿ, ಕಾಗದಪತ್ರ ಸರಿಪಡಿಸಿ ಸಮಿತಿಯ ಮುಂದೆ ನಿಲ್ಲಿಸಬೇಕೇ, ಅಥವಾ ಓಡುವಷ್ಟು ದಿನ ಓಡಲೆಂದು ಬಿಡಬೇಕೇ ಎಂಬ ಮಾತು ಆ ಮನೆಯಲ್ಲಿ ಈಗ ನಡೆದಿದೆ. ನಾಸಿಕಿನವರ ಫಿಯಟ್ ಸಣ್ಣ ಇಂಜಿನಿನದು. ಪೆಟ್ರೋಲಿನ ಖರ್ಚು ತಾಳುವಷ್ಟಿತ್ತು, ಹಾಗಾಗಿ ಬದಲಿಸುವ ಪ್ರಸಂಗ ಬರಲಿಲ್ಲ. ಅಂದರೆ ಲೀಟರಿಗೆ ಮೂರು ಕಿಲೋಮೀಟರಿನ ಅಂತರವೇ ಐವತ್ತು ವರ್ಷದ ಮೇಲೆ ಒಂದನ್ನು ಮನ್ನಣೆಯ ಒಳಗೂ ಇನ್ನೊಂದನ್ನು ಹೊರಗೂ ನಿಲ್ಲಿಸಿತು!

ವಿಂಟೇಜ್ ಮನ್ನಣೆಗೆ ಶುಲ್ಕ ರೂ. 20,000, ಅವಧಿ ಹತ್ತು ವರ್ಷ, ಮರುನೋಂದಣಿಗೆ ರೂ. 5,000. ಆದರೆ ಒಂದು ಕರಾರು: ಆ ಗಾಡಿಯನ್ನು ದಿನಬಳಕೆಗಾಗಲಿ ಬಾಡಿಗೆಗಾಗಲಿ ಓಡಿಸುವಂತಿಲ್ಲ, ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲು ಹಾಕಿಸುವುದು ಇಂಥವಕ್ಕೆ ಮಾತ್ರ. ನಾಸಿಕಿನ ಮನೆಯವರು ಇದಕ್ಕೇ ಹಿಂಜರಿಯುತ್ತಿದ್ದಾರೆ. ಭಾನುವಾರ ಗಂಗಾಪುರದ ಅಣೆಕಟ್ಟಿನ ಕಡೆಗೆ ಮೊಮ್ಮಕ್ಕಳನ್ನು ಕರೆದೊಯ್ಯುವ ಗಾಡಿ ಅದು. ಪ್ರದರ್ಶನದ ವಸ್ತುವಾದರೆ ಆ ಓಟ ನಿಲ್ಲುತ್ತದೆ. ನಿಂತ ಇಂಜಿನು ಓಡುವ ಇಂಜಿನಿಗಿಂತ ಬೇಗ ಕೆಡುತ್ತದೆಂಬುದು ಅವರ ವಾದ. ಅದರಲ್ಲಿ ಸತ್ಯವಿಲ್ಲದಿಲ್ಲ.

ಇಂಧನದ ತೊಡಕೂ ಇದೆ. 2000ದ ಫೆಬ್ರವರಿಯಿಂದ ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲು ನಿಂತಿತು. ಊರಿನ ಗಾಳಿಗೆ ಅದು ಒಳ್ಳೆಯದೇ. ಆದರೆ ಅಂಬಾಸಿಡರಿನಂಥ ಕಬ್ಬಿಣದ ತಲೆಯ ಹಳೆಯ ಇಂಜಿನಿನಲ್ಲಿ ವಾಲ್ವು ಕೂರುವ ಜಾಗಕ್ಕೆ ಆ ಸೀಸವೇ ಮೆತ್ತೆಯಾಗಿತ್ತು. ಈಗ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲು. ಒಂದು ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲಿನಷ್ಟು; ಲೆಕ್ಕ ಹಾಕಿದರೆ ಲೀಟರಿಗೆ ನೂರಕ್ಕೆ ಏಳರಷ್ಟು ಶಕ್ತಿ ಕಡಿಮೆ. ಅದಕ್ಕಿಂತ ಮುಖ್ಯವಾಗಿ ಅದು ಹಳೆಯ ರಬ್ಬರನ್ನು ಮೆತ್ತಗಾಗಿಸುತ್ತದೆ, ತೇವವನ್ನು ಹೀರುತ್ತದೆ. ಹಳೆಯ ಪೆಟ್ರೋಲು ಕೊಳವೆಗಳನ್ನು ಹೊಸ ಜಾತಿಯ ರಬ್ಬರಿಗೆ ಬದಲಿಸುವುದು, ತಿಂಗಳುಗಟ್ಟಲೆ ಟಾಕಿಯಲ್ಲಿ ಪೆಟ್ರೋಲು ಕೊಳೆಯಲು ಬಿಡದಿರುವುದು ಎರಡು ಗಾಡಿಗಳಿಗೂ ಕ್ಷೇಮ.

ಹಾಗಾದರೆ ಯಾವುದು ಮೇಲು? ಹೊರೆ ಹೊತ್ತು ದೂರ ಹೋಗಲು, ಹಲವರ ಕೈಯಲ್ಲಿ ಬಾಳಲು ಅಂಬಾಸಿಡರ್. ಒಬ್ಬನ ಕೈಯಲ್ಲಿ, ಸಣ್ಣ ಸಂಸಾರದಲ್ಲಿ, ಮಿತವಾದ ಖರ್ಚಿನಲ್ಲಿ ಬಾಳಲು ಫಿಯಟ್. ಆದರೆ ಹದಿನೈದರಿಂದ ಐವತ್ತಕ್ಕೆ ದಾಟಿಸಿದ್ದು ಕಬ್ಬಿಣದ ತಲೆಯೂ ಅಲ್ಲ, ಅಲ್ಯೂಮಿನಿಯಂ ತಲೆಯೂ ಅಲ್ಲ. ಯಾವಾಗ ಎಣ್ಣೆ ಬದಲಿಸಿದರು, ಯಾವಾಗ ಗ್ಯಾಸ್ಕೆಟ್ಟು ಹಾಕಿಸಿದರು ಎಂದು ಬರೆದಿಟ್ಟ ಒಂದು ನೋಟ್‌ಪುಸ್ತಕ, ಸದ್ದು ಕೇಳಿಯೇ ಕಾಯಿಲೆ ಹೇಳುವ ಒಬ್ಬ ಮಿಸ್ತ್ರಿ, ಇವೆರಡೇ. ಕಾಯಿದೆ ಗಾಡಿಗೆ ಐವತ್ತಕ್ಕೆ ಮನ್ನಣೆ ಕೊಟ್ಟಿತು. ಮಿಸ್ತ್ರಿಗೆ ಯಾವ ನಂಬರು ಫಲಕವೂ ಇಲ್ಲ. ನಾಸಿಕಿನ ಫಿಯಟ್ಟನ್ನು ನೋಡಿಕೊಳ್ಳುವ ಮಿಸ್ತ್ರಿಯವರಿಗೆ ಈಗ ಎಪ್ಪತ್ತು ದಾಟಿದೆ. ಅವರ ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ. ಅವರು ಬಲ್ಲದ್ದು ಯಾವ ಪುಸ್ತಕದಲ್ಲೂ ಇಲ್ಲ. ನಾವು ಈಚೆಗೆ ಮೂರು ಭಾನುವಾರ ಅವರ ಪಕ್ಕದಲ್ಲಿ ಕೂತು, ಅವರು ಮರಾಠಿಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆದುಕೊಂಡೆವು. ಹನ್ನೊಂದು ಪುಟವಾಗಿದೆ, ಇನ್ನೂ ಕಾರ್ಬ್ಯುರೇಟರಿಗೆ ಬಂದಿಲ್ಲ.

ನಮ್ಮ ಓದುಗರಲ್ಲಿ ಯಾರ ಮನೆಯಲ್ಲಾದರೂ ಇಂಥ ಗಾಡಿ ಇದ್ದರೆ, ಇಲ್ಲವೇ ಗಾಡಿ ಹೋಗಿ ಅದರ ನೋಟ್‌ಪುಸ್ತಕ ಮಾತ್ರ ಉಳಿದಿದ್ದರೆ, ದಯವಿಟ್ಟು ರದ್ದಿಗೆ ಹಾಕಬೇಡಿ. ಮಿಸ್ತ್ರಿ ಬದುಕಿದ್ದರೆ ಅವರನ್ನು ಮಾತಾಡಿಸಿ, ಬರೆದಿಡಿ. ಡೀಸೆಲ್ ಹಾಕಿಸಿದವರು ಹಳೆಯ ಇಂಜಿನನ್ನೂ ಮೂಲ ಆರ್.ಸಿ. ಪುಸ್ತಕವನ್ನೂ ತೂಕಕ್ಕೆ ಮಾರುವ ಮುನ್ನ ಒಮ್ಮೆ ಯೋಚಿಸಿ. ಗುಜರಿಯವನು ಎಂದು ಕರೆದರೂ ಬರುತ್ತಾನೆ, ಅವಸರವೇನಿಲ್ಲ.